ಬಿಚ್ಚದ ಕೈಯ ಲೆಕ್ಕ

ಅಣ್ಣನಿಗೆ ಹುಂಜ ಎಂಬ ಹೆಸರು ಬಿದ್ದದ್ದು ಅವನಿನ್ನೂ ಕಾರ್ಖಾನೆಗೆ ಹೋಗುತ್ತಿದ್ದಾಗಲೇ. ಹಿಮ್ಮಡಿ ನೆಲಕ್ಕೆ ತಾಗಿಸದೆ ತುದಿಗಾಲಲ್ಲಿ, ಮೊಣಕೈಗಳನ್ನು ಮಡಚಿ ಪಕ್ಕೆಗೆ ಒತ್ತಿಕೊಂಡು, ಕತ್ತು ಮುಂದೆ ಚಾಚಿ ಅವನು ಬೀದಿಯಲ್ಲಿ ಬರುತ್ತಿದ್ದರೆ ಮೂಲೆಯ ಪಂಕ್ಚರ್ ಅಂಗಡಿಯವನು ಕೋಳಿ ಕೂಗುತ್ತಿದ್ದ. ಕೇಳಿದವರು ನಗುತ್ತಿದ್ದರು. ಅಣ್ಣನೂ ನಗುತ್ತಿದ್ದ. ಅವನ ಮುಖದಲ್ಲಿ ಬೇರೆ ಯಾವ ಭಾವವೂ ಆಡದಂತಾಗಿ ಆ ನಗು ಒಂದೇ ಉಳಿದುಕೊಂಡಿತ್ತು. ಅದೂ ಅವನ ಮಾತು ಕೇಳುತ್ತಿರಲಿಲ್ಲ. ಸಾವಿನ ಮನೆಯಲ್ಲೂ ಬಂದುಬಿಡುತ್ತಿತ್ತು. ತೂರಾಡುವ ನಡಿಗೆ, ತೊದಲುವ ನಾಲಿಗೆ, ಹೊತ್ತುಗೊತ್ತಿಲ್ಲದ ನಗು. ಜನ ಇನ್ನೇನು ಹೇಳಿಯಾರು? ಕುಡಿದಿದ್ದಾನೆ ಅಂದರು. ಕಾರ್ಖಾನೆಯ ಡಾಕ್ಟರು ಅದನ್ನೇ ಚೆಂದದ ಅಕ್ಷರದಲ್ಲಿ ಬರೆದು ಅವನನ್ನು ಮನೆಗೆ ಕಳಿಸಿದರು.

ಅವನು ಕುಡಿಯುವವನಲ್ಲ. ಒಮ್ಮೆ ಗೆಳೆಯನ ಮದುವೆಯಲ್ಲಿ ಒತ್ತಾಯಕ್ಕೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಮದುಮಗನ ಹೊಸ ಬೂಟಿನ ಮೇಲೆ ಕಾರಿಕೊಂಡವನು. ಆ ಕತೆ ಹೇಳಿಕೊಂಡು ಮನೆಮಂದಿಯೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದ ಕಾಲವೊಂದಿತ್ತು. ಈಗ ಅತ್ತಿಗೆ ಆ ಕತೆ ಎತ್ತುವುದಿಲ್ಲ. ನಡುವೆ ಕೆಲವು ತಿಂಗಳು ಅವಳೂ ನಂಬಿದ್ದಳು. ಸಂಜೆ ಅವನು ಬಾಗಿಲಲ್ಲಿ ಕೂತು ಬೂಟಿನ ದಾರ ಬಿಚ್ಚಲು ತಿಣುಕುತ್ತಿದ್ದರೆ, ಸಹಾಯದ ನೆಪದಲ್ಲಿ ಬಗ್ಗಿ ಅವನ ಬಾಯಿ ಮೂಸುತ್ತಿದ್ದಳು. ಅವನಿಗೆ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ತೋರಗೊಡದೆ, ಅವಳಿಗೆ ಅನುಕೂಲವಾಗಲೆಂದು ಬಾಯಿ ತೆರೆದು ಉಸಿರು ಬಿಡುತ್ತಿದ್ದ.

ಇದನ್ನು ತಂಗಿ ಕಣ್ಣಾರೆ ಕಂಡಿದ್ದಳು. ಅದೇ ಮನೆಯ ಹಿಂದಿನ ಕೋಣೆ ಅವಳದು. ಆ ಉಸಿರನ್ನು ನೋಡಿದ ಮೇಲೆ ಅವಳಿಗೆ ಬೇರೆ ಯಾವ ಕೆಲಸವೂ ಕೆಲಸವೆನ್ನಿಸಲಿಲ್ಲ.

ಅಣ್ಣ ಮಾಡುತ್ತಿದ್ದುದು ರೈಲು ಹಳಿಗಳ ವೆಲ್ಡಿಂಗ್. ಒಂದು ಹಳಿ ಇನ್ನೊಂದನ್ನು ದಾಟುವ ಜಾಗದಲ್ಲಿ ಗಾಲಿ ಬಡಿದು ಬಡಿದು ಉಕ್ಕು ಸವೆಯುತ್ತದೆ. ಸವೆದ ತುಂಡುಗಳನ್ನು ಶೆಡ್ಡಿಗೆ ತಂದು, ಮ್ಯಾಂಗನೀಸ್ ತುಂಬಿದ ರಾಡುಗಳಿಂದ ಮತ್ತೆ ಮೈ ತುಂಬಿಸಬೇಕು. ರಾಡು ಉರಿದಾಗ ಏಳುವ ಕಂದು ಹೊಗೆ ಮೊದಲು ವೆಲ್ಡರನ ಮುಖಕ್ಕೆ ಬಡಿಯುತ್ತದೆ, ಆಮೇಲೆ ಸೂರಿಗೇರುತ್ತದೆ. ಆ ಹೊಗೆಯ ಲೋಹ ಉಸಿರಿನಲ್ಲಿ ಸೇರಿ ಮೆದುಳಿಗೇರಿದರೆ ನಡಿಗೆ, ನಾಲಿಗೆ, ಮುಖ ಎಲ್ಲ ಹಿಡಿತ ತಪ್ಪುತ್ತವೆ. ಹೊಗೆ ಎಳೆಯುವ ಫ್ಯಾನು ಕೆಟ್ಟುಹೋದಾಗ ಅದನ್ನು ರಿಪೇರಿ ಮಾಡಿಸುವ ಬದಲು ಕಂಡಿಗೆ ಹಲಗೆ ಹೊಡೆದರು, ಚಳಿಗಾಳಿ ಒಳಗೆ ಬರುತ್ತದೆಂದು. ಕೆಲಸಗಾರರ ಆರೋಗ್ಯದ ಬಗ್ಗೆ ಆಡಳಿತ ತೋರಿಸಿದ ಕಾಳಜಿ ಅದೊಂದೇ.

ಸಂಘದವರು ಕೂಗಾಡಿ, ಗೇಟಿನ ಮುಂದೆ ಕೂತು, ಒದೆ ತಿಂದು, ಕಡೆಗೊಂದು ವಿಚಾರಣಾ ಸಮಿತಿ ಬರುವಂತೆ ಮಾಡಿದರು. ಕಾರ್ಖಾನೆ ಜಗ್ಗಲಿಲ್ಲ. ಎಲ್ಲರ ರಕ್ತ ಪರೀಕ್ಷೆ ಆಗಿದೆ, ಮ್ಯಾಂಗನೀಸ್ ಎಲ್ಲರಿಗೂ ಇರುವಷ್ಟೇ ಇದೆ ಅಂದಿತು. ಸುಳ್ಳಲ್ಲ. ರಕ್ತವೆಂದರೆ ಬಸ್ ನಿಲ್ದಾಣವಿದ್ದಂತೆ. ಲೋಹ ಅಲ್ಲಿ ಇಳಿದು ಹೋಗಿಬಿಡುತ್ತದೆ. ಕೆಲಸ ಬಿಡಿಸಿ ತಿಂಗಳುಗಟ್ಟಲೆ ಕಾಯಿಸಿ ಆಮೇಲೆ ರಕ್ತ ಹೀರಿದರೆ ಖಾಲಿ ನಿಲ್ದಾಣವೇ ಕಾಣುವುದು. ಲೋಹ ಮನೆ ಮಾಡಿಕೊಂಡು ವರ್ಷಗಟ್ಟಲೆ ಕೂರುವುದು ಮೂಳೆಯಲ್ಲಿ. ಮೂಳೆ ಕೊಯ್ದು ನೋಡುವುದು ಹೇಗೆ?

ಕೊಯ್ಯದೆ ನೋಡುವ ದಾರಿ ತಂಗಿಯ ಪ್ರಯೋಗಶಾಲೆಯಲ್ಲಿತ್ತು. ಕೈಯನ್ನು ಒಂದು ಗೂಡಿನೊಳಗೆ ಇಟ್ಟು ಸ್ವಲ್ಪ ಹೊತ್ತು ನ್ಯೂಟ್ರಾನುಗಳನ್ನು ಬಿಡುವುದು. ಮೂಳೆಯಲ್ಲಿ ಅಡಗಿ ಕೂತ ಮ್ಯಾಂಗನೀಸ್ ಒಂದೊಂದು ನ್ಯೂಟ್ರಾನನ್ನು ನುಂಗಿ ನಿದ್ದೆಗೆಡುತ್ತದೆ. ಕೆಲವು ಗಂಟೆಗಳ ಕಾಲ ತನ್ನದೇ ಗುರುತಿನ ಕಿರಣ ಕಕ್ಕುತ್ತ ಇರುತ್ತದೆ. ಕಿರಣ ಎಣಿಸಿದರೆ ಲೋಹದ ಲೆಕ್ಕ ಸಿಕ್ಕಿತು. ಆದರೆ ಎಷ್ಟು ಕಿರಣಕ್ಕೆ ಎಷ್ಟು ಲೋಹ? ಅದನ್ನು ಹೇಳುವುದು ತಂಗಿಯ ಕೆಲಸ. ಕಂಪ್ಯೂಟರಿನೊಳಗೆ ಅವಳು ಇಡೀ ಕೋಣೆಯನ್ನೇ ಕಟ್ಟಿದ್ದಳು: ಮೇಣದ ಗೋಡೆ, ಸೀಸದ ಇಟ್ಟಿಗೆ, ಗೂಡು, ಗೂಡಿನೊಳಗೆ ಮೂಳೆ ಮಾಂಸಗಳ ಒಂದು ಕೈ. ಆಮೇಲೆ ಒಂದೊಂದೇ ನ್ಯೂಟ್ರಾನನ್ನು ಬಿಟ್ಟು, ಅದು ಎತ್ತ ಹೋಗಬೇಕು, ಎಷ್ಟು ದೂರ ಹೋಗಬೇಕು, ಯಾರಿಗೆ ಡಿಕ್ಕಿ ಹೊಡೆಯಬೇಕು ಎಂಬುದಕ್ಕೆಲ್ಲ ದಾಳ ಎಸೆಯುವುದು. ಕೋಟಿಗಟ್ಟಲೆ ಸಲ ಎಸೆದ ಮೇಲೆ ದಾಳದ ಚಂಚಲತೆ ಅಳಿದು ಒಂದು ಅಂಕಿ ನಿಲ್ಲುತ್ತದೆ. ಕೆಳಗಿನ ಮಹಡಿಯಲ್ಲಿ ಯಂತ್ರ ನಡೆಸುವ ಆಪರೇಟರು ಅವಳ ಕೋಣೆಗೆ ಇಣುಕಿದಾಗಲೆಲ್ಲ, ಜೂಜಿನ ಅಡ್ಡೆ ಹೇಗೆ ನಡೀತಿದೆ ಮೇಡಂ ಎಂದು ಕೇಳಿಯೇ ಮುಂದೆ ಹೋಗುತ್ತಿದ್ದ.

ಕಂಪ್ಯೂಟರಿನ ಕೈ ಸುಳ್ಳು ಹೇಳುತ್ತಿಲ್ಲವೆಂದು ತೋರಿಸಲು ನಿಜವಾದೊಂದು ಬೊಂಬೆ ಕೈ ಬೇಕಿತ್ತು. ಮೂಳೆಯಂಥ ಪುಡಿ, ಮಾಂಸದಂಥ ರಾಳ, ತೂಗಿ ಬೆರೆಸಿದ ಮ್ಯಾಂಗನೀಸ್. ಅಚ್ಚು ತೆಗೆಯಲು ಯಾರಾದರೊಬ್ಬರು ಕೈ ಕೊಡಬೇಕಾಗಿ ಬಂದಾಗ ಪ್ರಯೋಗಶಾಲೆಯ ಮುಖ್ಯಸ್ಥರು, ಯಾರ ಕೈ ಬಿಡುವಾಗಿದೆ ಅಂದರು. ತಂಗಿ ಅಂಗಿಯ ತೋಳು ಮಡಚಿ ತನ್ನ ಕೈಯನ್ನು ತಣ್ಣನೆಯ ಹಿಟ್ಟಿನಲ್ಲಿ ಅದ್ದಿದಳು. ಹಲಗೆಯ ಮೇಲೆ ಬಿಡಿಸಿಟ್ಟ ಅಂಗೈ, ಅರಳಿದ ಬೆರಳು. ಚೆಂದದ ಬೊಂಬೆಯಾಯಿತು. ಬೊಂಬೆಯನ್ನು ಯಂತ್ರದೊಳಗಿಟ್ಟಾಗ ಬಂದ ಎಣಿಕೆಗೂ ಕಂಪ್ಯೂಟರಿನ ಎಣಿಕೆಗೂ ಕೂದಲೆಳೆಯ ವ್ಯತ್ಯಾಸ. ಮುಖ್ಯಸ್ಥರು ಅಪರೂಪಕ್ಕೆ ಚಪ್ಪಾಳೆ ತಟ್ಟಿದರು.

ಒಂದು ಕಟ್ಟುಪಾಡನ್ನೂ ಅವಳೇ ಬರೆದಿದ್ದಳು. ಮೊದಲ ಕೆಲಸಗಾರನ ಕೈ ಗೂಡಿನೊಳಗೆ ಹೋಗುವ ಮುಂಚೆಯೇ ಕಂಪ್ಯೂಟರಿನ ಈ ಮಾದರಿಗೆ ಮುದ್ರೆ ಬೀಳಬೇಕು. ಆಮೇಲೆ ಅದನ್ನು ಯಾರೂ, ಯಾವ ಕಾರಣಕ್ಕೂ ಮುಟ್ಟಬಾರದು. ಕೆಲಸಗಾರರಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಅಳೆಯುವ ದಿನ ಅವಳು ಕೆಳಗಿನ ಮಹಡಿಗೆ ಕಾಲಿಡುವಂತಿಲ್ಲ. ಅವರಲ್ಲೊಬ್ಬ ತನ್ನ ಒಡಹುಟ್ಟಿದವನೆಂದು ಅವಳು ಮೊದಲೇ ಬಾಯಿ ಬಿಟ್ಟು ಹೇಳಿದ್ದಳು. ಮುದ್ರೆಗೆ ಅಣ್ಣತಮ್ಮ ಅಂತಿಲ್ಲ, ಅದು ಬಿದ್ದ ಮೇಲೆ ನಿನ್ನ ಮೇಲೂ ಯಾರೂ ಬೆರಳು ತೋರಿಸೋಕಾಗಲ್ಲ ಎಂದು ಮುಖ್ಯಸ್ಥರು ಸಮಾಧಾನ ಹೇಳಿದ್ದರು. ಕಾರ್ಖಾನೆಯ ವಕೀಲರ ಬಾಯಿ ಕಟ್ಟಲು ಅವಳು ಹೆಣೆದ ಹಗ್ಗ ಅದು. ಗಂಟು ಬಹಳ ಬಿಗಿಯಾಗಿ ಬಿದ್ದಿತ್ತು.

ಸಮಿತಿ ಕಳಿಸಿದ ಏಳು ಜನ ಕೆಲಸಗಾರರು ಬಂದು ಕೈಯಿಟ್ಟು ಹೋದರು. ಅಂಕಿಗಳು ಬಂದವು. ಇಬ್ಬರದು ಗೆರೆಯ ಮೇಲೆ, ಐವರದು ಕೆಳಗೆ. ಗೆರೆಯ ಕೆಳಗೆಂದರೆ, ಬೀದಿಯಲ್ಲಿ ಹೋಗುವ ಯಾವುದೇ ಮನುಷ್ಯನ ಮೂಳೆಯಲ್ಲಿರುವಷ್ಟೇ ಎಂದು ಅರ್ಥ.

ಎಲ್ಲಕ್ಕಿಂತ ಕೆಳಗಿದ್ದದ್ದು ಮೂರನೆಯ ಸಂಖ್ಯೆ. ಅದು ಯಾರದೆಂದು ತಂಗಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದೇ ನಿಯತ್ತು ಎಂದು ತನಗೆ ತಾನೇ ಹೇಳಿಕೊಂಡು, ಚಹಾ ಕುಡಿಯಲು ಕೆಳಗಿಳಿದಳು. ಆಪರೇಟರು ಬಾಗಿಲ ಬಳಿ ಬಿಸ್ಕತ್ತು ಅದ್ದಿ ತಿನ್ನುತ್ತ ನಿಂತಿದ್ದ. ಅದೂ ಇದೂ ಮಾತಾಯಿತು.

“ಆ ಮೂರನೆಯವರು ಬಲು ತಮಾಷೆ ಮನುಷ್ಯ ಮೇಡಂ. ಕಾರಿಡಾರಲ್ಲಿ ಹಿಂದಕ್ಕೆ ಬಿದ್ರು, ಎಬ್ಬಿಸೋಕೆ ಮೂರು ಜನ ಬೇಕಾಯ್ತು. ಬಿದ್ದಲ್ಲೇ ನಗ್ತಾ ಇದ್ರು.”

ತಂಗಿ ಲೋಟ ಕೆಳಗಿಟ್ಟಳು. ಕೈ ಹೇಗಿಟ್ಟರು ಎಂದು ಕೇಳಿದಳು.

“ಬಿಚ್ಚಲೇ ಇಲ್ಲ ಅದು. ಬೆರಳೆಲ್ಲ ಒಳಗೆ ಮಡಚ್ಕೊಂಡು ಮುಷ್ಟಿ ಆಗಿದೆ. ಎಳೆದ್ರೆ ನೋವಾಗುತ್ತೆ ಅಂತ ಹೇಗಿತ್ತೋ ಹಾಗೇ ಇಟ್ಟೆ. ಕೈ ಗೂಡೊಳಗಿರ್ಬೇಕು ಅಂತ ತಾನೇ ನೀವು ಬರೆದಿದ್ದು?”

ಹೌದು, ಅಷ್ಟೇ ಬರೆದಿದ್ದಳು. ಚಪ್ಪಟೆಯಾಗಿ, ಅಂಗೈ ತಾಗುವಂತೆ, ಬೆರಳು ಬಿಡಿಸಿ ಎಂದೆಲ್ಲ ಬರೆಯಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಕೈ ಇಡಿ ಎಂದರೆ ಯಾರಾದರೂ ಇಡುವುದು ಹಾಗೇ ಅಲ್ಲವೇ? ದಿನವೂ ಅದೇ ಮುಷ್ಟಿಗೆ ಚಮಚ ಸಿಕ್ಕಿಸುವುದನ್ನು ಅವಳು ಎದುರು ಕೂತು ನೋಡುತ್ತಿದ್ದಳು. ನೋಡಿಯೂ, ಕಂಪ್ಯೂಟರಿನ ಮುಂದೆ ಕೂತಾಗ ಅವಳ ಕಣ್ಣೆದುರು ಇದ್ದದ್ದು ಕೀಲಿಮಣೆಯ ಮೇಲೆ ಅರಳಿದ ಸ್ವಂತ ಕೈ.

ಮುಷ್ಟಿಯೊಳಗೆ ಮಡಚಿದ ಬೆರಳಿನ ಮೂಳೆ ಎಣಿಸುವ ಯಂತ್ರದ ಮುಖದಿಂದ ದೂರ ಉಳಿಯುತ್ತದೆ. ದೂರವಾದಂತೆ ಅದಕ್ಕೆ ಸಿಗುವ ಕಿರಣ ಕಡಿಮೆ. ಇದನ್ನು ಸರಿಮಾಡುವ ಒಂದು ಉಪಾಯವೂ ಲೆಕ್ಕದಲ್ಲಿತ್ತು: ಮೂಳೆಯ ಸುಣ್ಣವೂ ನ್ಯೂಟ್ರಾನು ನುಂಗಿ ಕಿರಣ ಬಿಡುತ್ತದೆ; ಅದನ್ನು ಹಿಡಿದರೆ ಯಂತ್ರದ ಕಣ್ಣಿಗೆ ಎಷ್ಟು ಮೂಳೆ ಬಿತ್ತೆಂದು ತಿಳಿದು, ಕೈ ಹೇಗೇ ಇದ್ದರೂ ಲೆಕ್ಕ ದಾರಿಗೆ ಬರುತ್ತದೆ. ಆದರೆ ಸುಣ್ಣದ ಕಿರಣ ನಿಮಿಷಗಳಲ್ಲಿ ಆರಿಹೋಗುತ್ತದೆ. ನ್ಯೂಟ್ರಾನಿನ ಕೋಣೆ ಕಾರಿಡಾರಿನ ಈ ತುದಿ, ಎಣಿಸುವ ಯಂತ್ರ ಆ ತುದಿ. ಗಟ್ಟಿ ಕಾಲಿನವನು ಸರಸರ ನಡೆದು ಬಿಡುತ್ತಾನೆ, ಅವನ ಸುಣ್ಣ ಸಿಗುತ್ತದೆ. ಹುಂಜದ ಹೆಜ್ಜೆಯವನು ಗೋಡೆ ಹಿಡಿದು, ಬಿದ್ದು, ಎದ್ದು ಬರುವಷ್ಟರಲ್ಲಿ ಅದು ಬೂದಿ.

ಅಂದರೆ ವಿಷ ಹೆಚ್ಚಾದಷ್ಟೂ ಕೈ ಮುದುಡುತ್ತದೆ, ಕಾಲು ಸೋಲುತ್ತದೆ. ಕೈ ಮುದುಡಿ ಕಾಲು ಸೋತಷ್ಟೂ ಅಂಕಿ ಇಳಿಯುತ್ತದೆ. ಆಪರೇಟರು ಹೇಳಿದಂತೆ ಗೆರೆಯ ಮೇಲೆ ಬಂದ ಇಬ್ಬರೂ ಹೊಸಬರು, ಇನ್ನೂ ಕೈ ಬಿಚ್ಚಬಲ್ಲವರು. ಯಾರು ಹೆಚ್ಚು ಕುಡಿದರೋ ಆ ಹೊಗೆಯನ್ನು, ಅವರೇ ಈ ಲೆಕ್ಕದಲ್ಲಿ ಶುದ್ಧರು. ಕಾರ್ಖಾನೆ ತಾನೇ ಕೂತು ಇಂಥದೊಂದು ಯಂತ್ರ ಮಾಡಿಸಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ ಎಂದು ತಂಗಿಗೆ ಅನ್ನಿಸಿತು.

ಇನ್ನೊಮ್ಮೆ ಅಳೆಯೋಣವೆಂದರೆ ಅದೂ ಇಲ್ಲ. ಒಬ್ಬ ಮನುಷ್ಯನ ಮೇಲೆ ಒಂದೇ ಸಲ ನ್ಯೂಟ್ರಾನು ಬಿಡಲು ವಿಕಿರಣದ ಕಾವಲು ಮಂಡಳಿ ಒಪ್ಪಿತ್ತು. ವರ್ಷ ತುಂಬುವವರೆಗೆ ಗೂಡಿನ ಬಾಗಿಲು ಅಣ್ಣನಿಗೆ ಮುಚ್ಚಿತು. ಸಮಿತಿಯ ವಿಚಾರಣೆ ಮುಂದಿನ ವಾರ.

ಸಂಜೆ ಮನೆಗೆ ಹೋದವಳೇ ಅತ್ತಿಗೆಯ ಹೊಲಿಗೆ ಟೇಪು ಹುಡುಕಿ ತಂದು ಅಣ್ಣನ ಮುಂದೆ ಕೂತಳು. ಒಂದೊಂದು ಗೆಣ್ಣು ಎಲ್ಲಿ ಮಡಚಿದೆ, ಬೆರಳ ತುದಿಗೂ ಅಂಗೈಗೂ ಎಷ್ಟು ಸಂದಿದೆ, ಹೆಬ್ಬೆರಳು ಯಾವುದರ ಮೇಲೆ ಕೂತಿದೆ ಎಂದು ಅಳೆಯತೊಡಗಿದಳು. ಅವನ ಕೈ ನಡುಗುತ್ತಿತ್ತು, ಟೇಪು ಜಾರುತ್ತಿತ್ತು. ಅಣ್ಣ ಮುಖ ಅಲುಗಿಸದೆ ಕೂತಿದ್ದ. ಅವನ ಮಾತು ಈಗ ಗೋಣಿಚೀಲದೊಳಗಿಂದ ಬಂದಂತೆ ಬರುತ್ತಿತ್ತು.

“ಗ್ಲೌಸು ಹೊಲೀತೀಯೇನೇ ಪುಟ್ಟಿ? ಕೆಲಸಕ್ಕಿದ್ದಾಗ ಕೇಳಿದ್ರೆ ಒಂದು ಜೊತೇನೂ ಕೊಡ್ಲಿಲ್ಲ.”

ತಂಗಿ ನಗಲು ನೋಡಿದಳು, ಆಗಲಿಲ್ಲ. ಅತ್ತಿಗೆ ಒಲೆಯ ಮುಂದೆ ಬೆನ್ನು ಹಾಕಿ ನಿಂತೇ, ಅಂಕಿ ಬಂತಾ ಎಂದು ಕೇಳಿದಳು. ಇನ್ನೂ ನೋಡ್ತಿದೀವಿ ಅತ್ತಿಗೆ ಎಂದು ತಂಗಿ ಹೇಳಿದಳು. ಆ ಮನೆಯಲ್ಲಿ ಅವಳು ಹೇಳಿದ ಮೊದಲ ದೊಡ್ಡ ಸುಳ್ಳು ಅದು. ಅತ್ತಿಗೆಗೆ ಬೇಕಿದ್ದದ್ದು ಪರಿಹಾರವಲ್ಲ, ಕೆಲಸವಲ್ಲ. ಕುಡಿದಿಲ್ಲ ಎಂದು ಯಾರಾದರೂ ಸರಕಾರದ ಬಾಯಲ್ಲಿ ಒಂದು ಸಲ ಹೇಳಬೇಕು. ಹೇಳಿದರೆ ತಾನು ಗಂಡನ ಕಾಲ ಬಳಿ ಕೂತು ಒಮ್ಮೆ ಅಳಬಹುದು ಎಂದು ಕಾದಿದ್ದಳು. ಅಲ್ಲಿಯವರೆಗೆ ಅಳುವ ಹಕ್ಕೂ ತನಗಿಲ್ಲವೆಂಬಂತೆ ಪಾತ್ರೆಗಳ ಜೊತೆ ಗುದ್ದಾಡಿಕೊಂಡಿರುತ್ತಿದ್ದಳು.

ಮರುದಿನ ತಂಗಿ ಮುದ್ರೆ ಬಿದ್ದ ಮಾದರಿಯನ್ನು ಮುಟ್ಟದೆ ಪಕ್ಕದಲ್ಲೇ ಹೊಸದೊಂದು ಕೈ ಕಟ್ಟಿದಳು. ಗೆಣ್ಣು ಗೆಣ್ಣಿಗೆ ಮಡಚಿದಳು. ಅಣ್ಣನ ಮುಷ್ಟಿ ಪರದೆಯ ಮೇಲೆ ಬೂದುಬಣ್ಣದಲ್ಲಿ ಮೂಡಿತು. ಅದು ಸಿಟ್ಟಿಗೆ ಕಟ್ಟಿದ ಮುಷ್ಟಿಯಲ್ಲ, ಹೋರಾಟಕ್ಕೆ ಎತ್ತಿದ್ದೂ ಅಲ್ಲ. ಬಿಚ್ಚಲು ಬಾರದ್ದು, ಅಷ್ಟೇ. ದಾಳ ಉರುಳತೊಡಗಿದವು. ದಿನವಿಡೀ ಉರುಳಿದವು. ಅವಳು ಊಟ ಬಿಟ್ಟು ಪರದೆಯನ್ನೇ ಕಾದಳು. ಸಂಜೆಯ ಹೊತ್ತಿಗೆ ಅಂಕಿ ನಿಂತಿತು. ಅದೇ ಕಿರಣಗಳ ಎಣಿಕೆಯನ್ನು ಈ ಕೈಗೆ ಹಚ್ಚಿ ನೋಡಿದರೆ ಮೂರನೆಯ ಸಂಖ್ಯೆ ಗೆರೆಯ ಎಷ್ಟೋ ಮೇಲೆ, ಏಳು ಜನರಲ್ಲೇ ಎಲ್ಲಕ್ಕಿಂತ ಮೇಲೆ ಹೋಗಿ ಕೂತಿತು.

ಅವಳು ಅದನ್ನು ಹಿಡಿದುಕೊಂಡು ಮುಖ್ಯಸ್ಥರ ಕೋಣೆಗೆ ಓಡಿದಳು. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಆರಂಭದಿಂದ ಕೊನೆಯವರೆಗೆ ಕೇಳಿಸಿಕೊಂಡರು. ನೀನು ಹೇಳ್ತಿರೋದು ಸರಿ ಅಂದರು. ಆಮೇಲೆ ಹಾಳೆಯನ್ನು ಅವಳ ಕಡೆಗೇ ಸರಿಸಿ, ಆದರೆ ಇದನ್ನ ಕಳಿಸೋಕಾಗಲ್ಲ ಅಂದರು. ಅಂಕಿ ನೋಡಿದ ಮೇಲೆ ಮಾದರಿ ಬದಲಾಯಿತು, ಬದಲಾಯಿಸಿದವಳು ತಂಗಿ, ಬದಲಾದದ್ದು ಅಣ್ಣನ ಅಂಕಿ. ಈ ಮೂರು ಮಾತು ಸಾಕು, ಗೆರೆಯ ಮೇಲೆ ಬಂದ ಆ ಇಬ್ಬರ ಅಂಕಿಯೂ ಮಣ್ಣುಪಾಲಾಗುತ್ತದೆ. ಇದೇ ಮುದ್ರೆ ಒಡೆದರೆ ನಾಳೆ ಕಾರ್ಖಾನೆಯವರು ತಂದ ಯಾವ ಮುದ್ರೆಯನ್ನೂ ನಾವು ಪ್ರಶ್ನಿಸುವಂತಿಲ್ಲ. ಮುಂದಿನ ವರ್ಷ ಹೊಸ ಬೊಂಬೆ ಮಾಡೋಣ, ಮತ್ತೆ ಅಳೆಯೋಣ ಎಂದು ಸಮಾಧಾನ ಹೇಳಿದರು.

“ಮುಂದಿನ ವರ್ಷಕ್ಕೆ ಅವನು ನುಂಗೋದನ್ನೂ ಮರೆತಿರ್ತಾನೆ ಸರ್,” ಅಂದಳು ತಂಗಿ.

ಅವರು ಕನ್ನಡಕ ಹಾಕಿಕೊಂಡು ಕಿಟಕಿಯ ಕಡೆ ನೋಡಿದರು.

ಸುದ್ದಿ ಸಂಘಕ್ಕೆ ಹೇಗೋ ಮುಟ್ಟಿತು. ಕಾರ್ಯದರ್ಶಿಯೇ ಮನೆಗೆ ಬಂದರು. ಶೆಡ್ಡಿನ ಸೂರಿನಡಿ ಕ್ರೇನ್ ಓಡಿಸುತ್ತಿದ್ದ ಹಿರಿಯ, ಎಲ್ಲರ ಬಾಯಲ್ಲೂ ಕ್ರೇನ್ ಮಾವ. ಮೆಟ್ಟಿಲು ಹತ್ತಿ ಬರಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಬಂದು ಕೂತು ಸುತ್ತಿಬಳಸದೆ ವಿಷಯಕ್ಕೆ ಬಂದರು.

“ಇಬ್ಬರ ಕೆಲಸ ಆಗ್ತಿದೆ ಮಗಳೇ. ಇಬ್ಬರಿಗೆ ಆಯ್ತು ಅಂದ್ರೆ ಶೆಡ್ಡಿನ ಹೊಗೆ ವಿಷ ಅಂತ ಒಪ್ಪಿದ ಹಾಗೆ. ಅದರ ಮೇಲೆ ನೀನೇ ಮಣ್ಣು ಹಾಕ್ಬೇಡ.”

ಒಳಗೆ ಮಲಗಿರೋ ನಿಮ್ಮ ಹುಂಜನ ಗತಿ ಏನು ಮಾವ ಎಂದು ತಂಗಿ ಕೇಳಿದಳು. ದನಿ ಏರಿತ್ತು. ಅವನನ್ನ ಗೇಟಿನ ಮುಂದೆ ಕೂರಿಸಿ ಫೋಟೋ ತೆಗೆಸಿಕೊಂಡಿರಲ್ಲ, ಆಗ ಬೇಕಾಗಿದ್ದ, ಈಗ ಬೇಡವಾದನಾ?

ಕ್ರೇನ್ ಮಾವ ಸಿಟ್ಟಾಗಲಿಲ್ಲ. ಅತ್ತಿಗೆ ತಂದಿಟ್ಟ ಚಹಾದ ಲೋಟಕ್ಕೆ ಎರಡೂ ಕೈ ಚಾಚಿದರು. ಕೈಗಳು ಬಿಚ್ಚಲಿಲ್ಲ. ಎರಡು ಮುಷ್ಟಿಗಳ ನಡುವೆ ಲೋಟವನ್ನು ಅದುಮಿ ಹಿಡಿದು ಬಾಯಿಗೆ ತಂದರು. ಅರ್ಧ ಚಹಾ ಅಂಗಿಗೆ ಹೋಯಿತು.

“ಹೊಗೆ ಮೇಲಕ್ಕೇ ಅಲ್ವಾ ಹೋಗೋದು,” ಅಂದರು. “ಮೇಲೆ ಕೂತಿದ್ದವನು ನಾನು. ನನ್ನದೂ ಗೆರೆ ಕೆಳಗೇ ಬಂತು. ನಾನೇನಾದ್ರೂ ಬಾಯಿ ಬಿಟ್ನಾ?”

ತಂಗಿ ಆ ಮುಷ್ಟಿಗಳನ್ನೇ ನೋಡಿದಳು. ಅವಳು ಒಬ್ಬನ ಕೈ ಮಾತ್ರ ಮಡಚಿ ನೋಡಿದ್ದಳು. ಕೆಳಗೆ ಬಿದ್ದ ಐದು ಅಂಕಿಗಳಲ್ಲಿ ಉಳಿದ ನಾಲ್ಕು ಕೈಗಳನ್ನೂ ಹಾಗೆ ಮಡಚಿ ನೋಡಬೇಕೆಂದು ಆ ಗಳಿಗೆಯವರೆಗೂ ಹೊಳೆದೇ ಇರಲಿಲ್ಲ. ಮೊದಲ ಸಲ ಸ್ವಂತ ಕೈ ಬಿಟ್ಟು ಬೇರೆ ಕೈ ಕಾಣಲಿಲ್ಲ. ಎರಡನೆಯ ಸಲ ಸ್ವಂತ ಅಣ್ಣನನ್ನು ಬಿಟ್ಟು ಬೇರೆಯವನು ಕಾಣಲಿಲ್ಲ. ಅತ್ತಿಗೆ ಕ್ರೇನ್ ಮಾವನ ಅಂಗಿ ಒರೆಸಲು ಬಟ್ಟೆ ತಂದು, ಒರೆಸದೆ, ಅದನ್ನು ಹಿಡಿದುಕೊಂಡೇ ನಿಂತಳು. ಅಂಕಿ ಬಂದಿದೆಯೆಂದು ಅವಳಿಗೆ ತಿಳಿದದ್ದು ಹೀಗೆ.

ವಿಚಾರಣೆ ನಡೆದದ್ದು ಉದ್ದದ ಮೇಜಿನ, ಎತ್ತರದ ಕಿಟಕಿಗಳ ಕೋಣೆಯಲ್ಲಿ. ನೀರಿನ ಲೋಟಗಳ ಮೇಲೆ ಮುಚ್ಚಳಗಳಿದ್ದವು. ಅಧ್ಯಕ್ಷರು ಮೇಜಿನ ತಲೆಯಲ್ಲಿ, ಕಾರ್ಖಾನೆಯ ವಕೀಲರು ಅವರ ಬಲಕ್ಕೆ, ಸಂಘದವರು ಗೋಡೆಗೆ ಒರಗಿಸಿದ ಕುರ್ಚಿಗಳಲ್ಲಿ. ಅಣ್ಣ ಬಂದಿರಲಿಲ್ಲ, ಅಲ್ಲಿ ನಕ್ಕುಬಿಡುತ್ತೇನೆಂದು ಹೆದರಿ ಮನೆಯಲ್ಲೇ ಉಳಿದಿದ್ದ. ಇಬ್ಬರು ಹೊಸಬರ ಅಂಕಿ ಓದಿದರು. ಅವರ ಸುಣ್ಣ ಸಾಕ್ಷಿ ನಿಂತಿತ್ತು. ವಕೀಲರು ಎಷ್ಟು ಕೆದಕಿದರೂ ಅಲ್ಲಾಡಲಿಲ್ಲ. ಉಳಿದ ಐದು ಅಂಕಿಗಳ ಕೆಳಗೆ ಲೆಕ್ಕ ಸರಿಯಿದೆ ಎಂದು ಸಹಿ ಹಾಕುವಂತೆ ಹಾಳೆಯನ್ನು ತಂಗಿಯ ಮುಂದೆ ಸರಿಸಿದರು.

ಅವಳು ಪೆನ್ನು ಮುಟ್ಟಲಿಲ್ಲ. ಬ್ಯಾಗಿನಿಂದ ಬೊಂಬೆ ಕೈಯನ್ನು ತೆಗೆದು ಮೇಜಿನ ಮೇಲಿಟ್ಟಳು. ರಾಳದ ಅಂಗೈ ಮೇಲ್ಮುಖವಾಗಿ, ಏನನ್ನೋ ಬೇಡುವಂತೆ ಬಿದ್ದುಕೊಂಡಿತು. ಪಕ್ಕದಲ್ಲಿ ತನ್ನ ಕೈಯನ್ನು ಬಿಡಿಸಿಟ್ಟಳು. ಎರಡೂ ಒಂದೇ ಎಂದು ಕುರುಡನಿಗೂ ತಿಳಿಯುವಂತಿತ್ತು.

“ಇದು ನನ್ನ ಕೈ,” ಅಂದಳು. “ಈ ಐದೂ ಅಂಕಿ ಈ ಕೈಯದು. ಆ ಶೆಡ್ಡಿನಲ್ಲಿ ಈ ಕೈ ಯಾರಿಗೂ ಇಲ್ಲ.”

ಆಮೇಲೆ ಎಲ್ಲವನ್ನೂ ಹೇಳಿದಳು. ಮುಷ್ಟಿಯ ಮಾತು, ಕಾರಿಡಾರಿನ ಮಾತು, ಆರಿಹೋಗುವ ಸುಣ್ಣದ ಮಾತು. ತಾನು ಹೊಸ ಕೈ ಕಟ್ಟಿ ನೋಡಿದ್ದನ್ನೂ, ಅದರಲ್ಲಿ ಒಬ್ಬನ ಅಂಕಿ ಮೇಲೆ ಬಂದದ್ದನ್ನೂ, ಆ ಒಬ್ಬ ತನ್ನ ಅಣ್ಣನೆಂಬುದನ್ನೂ ಮುಚ್ಚಿಡಲಿಲ್ಲ. ಅಧ್ಯಕ್ಷರು ಮುಂದಕ್ಕೆ ಬಾಗಿ ಕೇಳಿಸಿಕೊಂಡರು. ಒಂದು ಗಳಿಗೆ, ಒಂದೇ ಗಳಿಗೆ, ಕೋಣೆ ತನ್ನ ಕಡೆ ವಾಲುತ್ತಿದೆ ಎಂದು ತಂಗಿಗೆ ಅನ್ನಿಸಿತು.

ವಕೀಲರು ಎದ್ದರು. ಬಹಳ ಸಭ್ಯ ಮನುಷ್ಯ. ದನಿಯನ್ನೂ ಎತ್ತಲಿಲ್ಲ.

“ಒಂದೇ ಪ್ರಶ್ನೆ ಮೇಡಂ. ನಿಮ್ಮ ಅಣ್ಣನ ಅಂಕಿ ಮೊದಲೇ ಗೆರೆ ಮೇಲೆ ಬಂದಿದ್ರೆ, ಈ ಮಾದರೀನ ಮತ್ತೆ ತೆಗೆದು ನೋಡ್ತಿದ್ರಾ?”

ನೋಡುತ್ತಿದ್ದೆ ಎನ್ನಬಹುದಿತ್ತು. ಗೋಡೆ ಬದಿಯಿಂದ ಕ್ರೇನ್ ಮಾವ ಅವಳನ್ನೇ ನೋಡುತ್ತಿದ್ದರು. ಮುಖ್ಯಸ್ಥರು ಮೇಜಿನ ಗೆರೆಗಳನ್ನು ನೋಡುತ್ತಿದ್ದರು. ನಿಜವನ್ನು ನುಂಗಿ ಆ ಮಾತನ್ನು ಆಡಲು ಅವಳ ನಾಲಿಗೆ ಏಳಲಿಲ್ಲ.

“ಇಲ್ಲ,” ಅಂದಳು. “ನೋಡ್ತಿರಲಿಲ್ಲ. ನನ್ನ ಕೈ ಕಡೆ ನೋಡ್ಕೋಬೇಕು ಅಂತ ನನಗೆ ಹೊಳೀತಾನೂ ಇರಲಿಲ್ಲ.”

ಅಷ್ಟು ಸಾಕು, ವಂದನೆ ಎಂದು ವಕೀಲರು ಕೂತರು.

ತೀರ್ಮಾನ ಅದೇ ಮಧ್ಯಾಹ್ನ ಬಂತು. ಇಬ್ಬರ ಮೂಳೆಯಲ್ಲಿ ಕಾರ್ಖಾನೆಯ ಮ್ಯಾಂಗನೀಸ್ ಇರುವುದು ಸಾಬೀತು. ಉಳಿದ ಐವರ ಮಟ್ಟಿಗೆ ಅಳತೆ ಆಗಿಲ್ಲವೆಂದು ತಿಳಿಯತಕ್ಕದ್ದು. ಅಳತೆಯೇ ಆಗದಿರುವಾಗ ಈ ಹಿಂದೆ ವೈದ್ಯರು ಕೊಟ್ಟ ಅಭಿಪ್ರಾಯವನ್ನು ತಳ್ಳಿಹಾಕಲು ಆಧಾರವಿಲ್ಲ. ಚೆಂದದ ಅಕ್ಷರದ ಆ ಕುಡುಕನೆಂಬ ಮಾತು ಇದ್ದಲ್ಲೇ ಉಳಿಯಿತು. ಮುದ್ರೆ ಮೀರಿ ಬೇರೆ ಮಾದರಿ ಓಡಿಸಿದ್ದಕ್ಕೆ ತಂಗಿಯ ಪ್ರಯೋಗಶಾಲೆಯ ಬಾಗಿಲ ಕಾರ್ಡನ್ನು ಮರುದಿನ ವಾಪಸು ಪಡೆದರು. ಅದನ್ನು ಕೇಳಲು ಬಂದ ಆಪರೇಟರು ಮುಖ ಎತ್ತಲಿಲ್ಲ. ಜೂಜಿನ ಮಾತನ್ನೂ ಆಡಲಿಲ್ಲ.

ಮನೆಯಲ್ಲಿ ಅಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾದಿದ್ದ. ಏನಂದ್ರು ಎಂದು ಕೇಳಿದ. ತಂಗಿ ಅವನ ಕಾಲ ಬಳಿ ಕೂತಳು. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ.

“ನಿನ್ನದು ಅಳೆಯೋಕಾಗಲಿಲ್ಲ ಅಂದ್ರು ಅಣ್ಣ.”

“ಅಷ್ಟೊಂದಿದೆಯಾ?” ಅಂದ ಅವನು, ಮತ್ತು ನಕ್ಕ. ಅದು ರೋಗದ ನಗುವೋ ಅವನದೇ ನಗುವೋ ತಂಗಿಗೆ ತಿಳಿಯಲಿಲ್ಲ. ಬಹಳ ಹೊತ್ತು ನಕ್ಕ. ನಿಲ್ಲಿಸಲಾಗದೆ ಕಣ್ಣಲ್ಲಿ ನೀರು ಬಂದ ಮೇಲೂ ನಕ್ಕ.

ಭಾನುವಾರ ಅವಳು ಹಲ್ಲಿನ ಡಾಕ್ಟರ ಅಂಗಡಿಯಿಂದ ಅಚ್ಚು ತೆಗೆಯುವ ಪುಡಿ ತಂದಳು. ಬಕೆಟ್ಟಿನಲ್ಲಿ ನೀರು ಹಾಕಿ ಕಲಸಿದರೆ ಅದು ಗುಲಾಬಿ ಬಣ್ಣದ ಹಿಟ್ಟಾಗಿ, ನೋಡನೋಡುತ್ತ ಗಟ್ಟಿಯಾಗುತ್ತದೆ. ಬೊಂಬೆ ಮಾಡಿ ಎಲ್ಲಿಡುತ್ತೀ, ಯಂತ್ರ ಯಾರು ಕೊಡುತ್ತಾರೆ ಎಂದು ಅತ್ತಿಗೆ ಕೇಳಿದಳು. ಗೊತ್ತಿಲ್ಲ ಅಂದಳು ತಂಗಿ. ನಿಜಕ್ಕೂ ಗೊತ್ತಿರಲಿಲ್ಲ. ಈ ನಾಡಿನಲ್ಲಿ ಎಲ್ಲೆಲ್ಲಿ ಅಂಥ ಯಂತ್ರವಿದೆಯೋ ಅಲ್ಲೆಲ್ಲ ಬಾಗಿಲು ತಟ್ಟುವುದು; ತಟ್ಟಿದ ಬಾಗಿಲಲ್ಲೆಲ್ಲ ಅಣ್ಣನನ್ನು ಕಾಪಾಡಲು ಹೋಗಿ ಕೆಲಸ ಕಳಕೊಂಡವಳು ಎಂಬ ಮಾತು ಅವಳಿಗಿಂತ ಮುಂಚೆ ಹೋಗಿ ನಿಂತಿರುತ್ತದೆ. ಆದರೂ ಮುಂದಿನ ಸಲ ಯಾರೇ ಮುದ್ರೆ ಒತ್ತಲಿ, ಅದರ ಕೆಳಗೆ ಈ ಕೈ ಇರಬೇಕು. ಆ ಹೊತ್ತಿಗೆ ಈ ಕೈಯವನು ಇರುತ್ತಾನೋ ಇಲ್ಲವೋ ಎಂಬ ಲೆಕ್ಕವನ್ನು ಅವಳು ಹಾಕಲು ಹೋಗಲಿಲ್ಲ.

ಮೊದಲ ಅಚ್ಚು ಕೆಟ್ಟಿತು. ನಡುಕಕ್ಕೆ ಹಿಟ್ಟೆಲ್ಲ ಬಿರುಕುಬಿಟ್ಟು, ಮುಷ್ಟಿಯ ಬದಲು ಅಲೆ ಎದ್ದ ಹಳ್ಳವೊಂದು ಉಳಿಯಿತು. ಎರಡನೆಯ ಸಲಕ್ಕೆ ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಹೊರಗೆ ಮೆಟ್ಟಿಲ ಮೇಲೆ ಯಾರೋ ಒಂದೊಂದೇ ಹೆಜ್ಜೆ ಇಡುತ್ತ, ನಿಂತು, ಮತ್ತೆ ಹತ್ತುವ ಸದ್ದು. ಕ್ರೇನ್ ಮಾವ. ಅವರ ಹಿಂದೆ ಇನ್ನೂ ಮೂರು ಜೊತೆ ಕಾಲುಗಳು ಎಳೆದುಕೊಂಡು ಬರುತ್ತಿದ್ದವು. ತಂಗಿ ಹೊಸ ಹಿಟ್ಟು ಕಲಸಿದಳು. ಅತ್ತಿಗೆ ಕುರ್ಚಿಯ ಮುಂದೆ ಮಂಡಿಯೂರಿ, ಗಂಡನ ಮುಷ್ಟಿಯನ್ನು ಬಕೆಟ್ಟಿಗಿಳಿಸಿ, ಅವನ ಮುಂಗೈಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು ತನ್ನ ಎದೆಗೆ ಆನಿಸಿಕೊಂಡಳು. ಅವಳ ಮುಖ ಅವನ ಮುಖಕ್ಕೆ ಅಷ್ಟು ಹತ್ತಿರ ಬಂದದ್ದು ಎಷ್ಟೋ ಕಾಲದ ಮೇಲೆ.

ಅಣ್ಣ ಅವಳನ್ನು ನೋಡಿದ. ನೋಡಿ, ಹಳೆಯ ಅಭ್ಯಾಸದಂತೆ, ಅವಳಿಗೆ ಅನುಕೂಲವಾಗಲೆಂದು ಬಾಯಿ ತೆರೆದು ಮೆಲ್ಲಗೆ ಉಸಿರು ಬಿಟ್ಟ.

ಅತ್ತಿಗೆಯ ಬೆನ್ನು ಒಮ್ಮೆ ಅದುರಿತು. ಕೈ ಬಿಡುವಂತಿರಲಿಲ್ಲ, ಮುಖ ಮುಚ್ಚಿಕೊಳ್ಳುವಂತಿರಲಿಲ್ಲ. ಹಿಟ್ಟು ಗಟ್ಟಿಯಾಗುವವರೆಗೆ ಯಾರೂ ಅಲುಗಬಾರದೆಂದು ತಂಗಿ ಆಗಲೇ ಹೇಳಿದ್ದಳು.